ತುಳು ಹಾಡು ಲೇಬಲ್‌ಗೆ ಕೊಡುವುದಾ ನಾವೇ ಹಾಕುವುದಾ, ವಕೀಲರು ಹೇಳಿ

ಪ್ರಶ್ನೆ: ಸರ್ ನಮಸ್ಕಾರ, ಕಾಪುವಿಂದ. ನಾವು ನಾಲ್ಕು ಜನ ಸೇರಿ ಮೂರು ತುಳು ಹಾಡು ಮಾಡಿದ್ದೇವೆ, ಸಾಹಿತ್ಯ ನಂದು, ಟ್ಯೂನ್ ಕೀಬೋರ್ಡ್ ನುಡಿಸುವ ದೋಸ್ತಿದು, ಮಂಗಳೂರಲ್ಲಿ ಸ್ಟುಡಿಯೋ ಖರ್ಚು 42 ಸಾವಿರ ಕೈಯಿಂದ್ಲೇ ಹೋಯ್ತು. ಈಗ ಹಾಡು ತಗೊಂಡು ಬಿಡುಗಡೆ ಮಾಡುವ ಒಂದು ಲೇಬಲ್‌ನವ್ರು ಮೂರಕ್ಕೂ ಸೇರಿ 60 ಸಾವಿರ ಕೊಡ್ತೇವೆ, ಪ್ರಮೋಶನ್ ನಮ್ದೇ ಅಂತ ಆರು ಪೇಜಿನ ಅಗ್ರಿಮೆಂಟ್ ಕಳಿಸಿದ್ದಾರೆ. ಅದ್ರಲ್ಲಿ ಪರ್ಪೆಚುವಲ್ ಅಂತ ಉಂಟು. ಅಪ್ಪ ಬಂದ ದುಡ್ಡು ಬಿಡ್ಬೇಡ ಅಂತಾರೆ. ಸೈನ್ ಮಾಡ್ಬಹುದಾ?

ಉತ್ತರ: ಈಗ ಇರುವ ಹಾಗೆ ಮಾಡ್ಲೇಬೇಡಿ. ಲೇಬಲ್ಲೇ ಬೇಡ ಅಂತಲ್ಲ, ಆ ಒಂದು ಶಬ್ದ ಬೇಡ. ಪರ್ಪೆಚುವಲ್ ಅಂದ್ರೆ ಶಾಶ್ವತ, ರೆಕಾರ್ಡಿಂಗ್ ಮೇಲಿನ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಇರ್ತದೆ, ಅಷ್ಟೂ ವರ್ಷ ಅವ್ರದ್ದೇ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ರೆ 5 ವರ್ಷ ಮಾತ್ರ ಅಂತ ಉಂಟು, ಯಾವ ಊರಿಗೆ ಅಂತ ಬರೆಯದಿದ್ರೆ ಭಾರತಕ್ಕೆ ಮಾತ್ರ. ಅದಕ್ಕೇ ಅವ್ರು ಅದನ್ನು ಖಾಲಿ ಬಿಡುವುದಿಲ್ಲ.

ನಮ್ಮ ದೊಡ್ಡಪ್ಪ ಭಜನೆ ಹಾಡು ಬರೀತಿದ್ರು. ಕ್ಯಾಸೆಟ್ ಕಾಲದಲ್ಲಿ ಎಂಟು ಹಾಡು ಎರಡು ಸಾವಿರಕ್ಕೆ ಕೊಟ್ಟು ಎಂತಕ್ಕೆ ಸೈನ್ ಹಾಕಿದ್ದು ಅಂತ ಕೂಡ ಗೊತ್ತಿಲ್ಲದೆ ಬಂದವ್ರು, ಈಗ ಅದೇ ಹಾಡು ಯೂಟ್ಯೂಬಲ್ಲಿ ಓಡ್ತಾ ಉಂಟು, ಅವ್ರ ಹೆಸ್ರು ಎಲ್ಲೂ ಇಲ್ಲ, ಮೊನ್ನೆ ನಮ್ಮೂರ ಭಜನಾ ಮಂಡಳಿಯವ್ರು ಹಾಡಿ ಹಾಕಿದ ವಿಡಿಯೋಕ್ಕೂ ಹಾಡು ನಮ್ದು ಅಂತ ಕಂಪೆನಿಯವ್ರ ಕ್ಲೇಮ್ ಬಂತು. ದೊಡ್ಡಮ್ಮ ಫೋನ್ ಹಿಡ್ಕೊಂಡು ಬಂದು ಇದು ಅವ್ರದ್ದಲ್ವಾ ಮಗಾ ಅಂತ ಕೇಳಿದ್ರು, ನನ್ನ ಹತ್ರ ಉತ್ತರ ಇರ್ಲಿಲ್ಲ. ನಿಮಗೆ ಇಷ್ಟು ಉದ್ದ ಬರೆಯುವುದು ಅದಕ್ಕೇ.

ಲೇಬಲ್‌ನವ್ರಿಗೆ ಹೀಗೆ ಹೇಳಿ: ಮಾಸ್ಟರ್, ಅಂದ್ರೆ ಮೂಲ ರೆಕಾರ್ಡಿಂಗಿನ ಹಕ್ಕು, ನಮ್ದೇ ಇರ್ಲಿ, ನಿಮಗೆ 5 ವರ್ಷಕ್ಕೆ ಲೈಸೆನ್ಸ್ ಕೊಡ್ತೇವೆ, ಪ್ರಮೋಶನ್‌ಗೆ ಎಷ್ಟು ಹಾಕ್ತೀರಿ ಅಂತ ಅಂಕಿಯಲ್ಲಿ ಬರೀರಿ. ಬರೀ ಬಾಯಿಮಾತಿನ ಪ್ರಮೋಶನ್ ಆದ್ರೆ ಅಪ್‌ಲೋಡ್ ನೀವೇ ಮಾಡಿ, ವರ್ಷಕ್ಕೆ ಸ್ವಲ್ಪ ದುಡ್ಡು ತಗೊಂಡು ಎಲ್ಲ ಆ್ಯಪ್‌ಗೆ ಕಳಿಸುವ ಡಿಸ್ಟ್ರಿಬ್ಯೂಟರ್ ಇದ್ದಾರೆ, ಆದ್ರೆ ಕೆಲವ್ರಲ್ಲಿ ವರ್ಷದ ಫೀಸ್ ನಿಲ್ಲಿಸಿದ್ರೆ ಹಾಡೂ ತೆಗೀತಾರೆ, ಅದು ಓದಿಕೊಳ್ಳಿ. ಸ್ಟ್ರೀಮಿಂಗಲ್ಲಿ ಜಾಸ್ತಿ ಆಸೆ ಇಟ್ಕೊಳ್ಬೇಡಿ. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡಿಗೆ 12 ತಿಂಗಳಲ್ಲಿ ಸಾವಿರ ಸ್ಟ್ರೀಮ್ ಆಗದಿದ್ರೆ ಅದಕ್ಕೆ ದುಡ್ಡೇ ಇಲ್ಲ. ನಮ್ಮ ಕಡೆ ಹಾಡುವವ್ರಿಗೆ ದುಡ್ಡು ಬರುವುದು ಗಣೇಶೋತ್ಸವ, ಮದುವೆ, ಕ್ರಿಶ್ಚಿಯನ್ನರ ಮದುವೆ ಮುಂಚಿನ ರೋಸ್, ಗಲ್ಫ್ ಪ್ರೋಗ್ರಾಮಿಂದ. ಹಾಗಾಗಿ ಸ್ಟೇಜ್ ಶೋದಲ್ಲೂ ಲೇಬಲ್‌ಗೆ ಪಾಲು ಅಂತ ಇದ್ರೆ ಹೊಡೆದು ಹಾಕಿ, ಮುಂದಿನ ಹಾಡೂ ನಮಗೇ ಕೊಡ್ಬೇಕು ಅಂತ ಇದ್ರೆ ಅದನ್ನೂ.

ಪ್ರಶ್ನೆ: ಥ್ಯಾಂಕ್ಸ್ ಸರ್. ಸಾಹಿತ್ಯ, ಟ್ಯೂನ್‌ದು ರಾಯಲ್ಟಿ ಕೂಡ ಅವ್ರಿಗೇ ಅಂತ ನಾಲ್ಕನೇ ಪೇಜಲ್ಲಿ ಉಂಟು. ಮತ್ತೆ ಸ್ಟುಡಿಯೋದವ್ರು ರೆಕಾರ್ಡಿಂಗ್ ನಮ್ದೂ ಹೌದು ಅಂತಿದ್ದಾರೆ, ಹೌದಾ?

ಉತ್ತರ: ನೀವು ದುಡ್ಡು ಹಾಕಿ ಜವಾಬ್ದಾರಿ ಹೊತ್ತು ಮಾಡಿಸಿದ್ದಲ್ವಾ, ಬೇರೆ ಕರಾರು ಇಲ್ಲದಿದ್ರೆ ಕಾಯ್ದೆ ಪ್ರಕಾರ ಪ್ರೊಡ್ಯೂಸರ್ ನೀವೇ, ರೆಕಾರ್ಡಿಂಗೂ ನಿಮ್ದೇ. ಬಿಲ್ ತೆಗೆದಿಟ್ಕೊಳ್ಳಿ, ಮಿಕ್ಸ್ ಆಗುವ ಮೊದಲಿನ ಟ್ರ್ಯಾಕೆಲ್ಲ ಹಾರ್ಡ್‌ಡಿಸ್ಕಲ್ಲಿ ಇವತ್ತೇ ತಗೊಳ್ಳಿ. ನಾಲ್ಕನೇ ಪೇಜಿಗೆ ಹೆದರ್ಬೇಡಿ, 2012ರ ತಿದ್ದುಪಡಿ ಆದ ಮೇಲೆ ಬರೆದವ್ರ ಮತ್ತು ಟ್ಯೂನ್ ಮಾಡಿದವ್ರ ರಾಯಲ್ಟಿಯ ಪಾಲು ಅಗ್ರಿಮೆಂಟಲ್ಲಿ ಬರೆಸಿಕೊಂಡ್ರೂ ಹೋಗುವುದಿಲ್ಲ. ಆದ್ರೆ ಅದು ತಾನಾಗಿ ಮನೆಗೆ ಬರುವುದೂ ಇಲ್ಲ, ನೀವೂ ನಿಮ್ಮ ದೋಸ್ತಿಯೂ ಈ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ ಐಪಿಆರ್‌ಎಸ್ ಮೆಂಬರ್ ಆಗಿ ಮೂರು ಹಾಡೂ ರಿಜಿಸ್ಟರ್ ಮಾಡಿ. ಅದಕ್ಕಿಂತ ಮೊದಲು ಯಾರದ್ದು ಎಷ್ಟು ಪಾಲು ಅಂತ ನಾಲ್ಕೂ ಜನ ಒಂದು ಪೇಪರಲ್ಲಿ ಸೈನ್ ಮಾಡಿ, ದೋಸ್ತಿ ಚಂದ ಇರುವಾಗಲೇ. ಅಗ್ರಿಮೆಂಟ್ ಮೆಸೇಜ್ ಮಾಡಿ, ಭಾನುವಾರ ಓದಿ ಹೇಳ್ತೇನೆ, ಫೀಸ್ ಎಂತ ಬೇಡ.