ಹಾನರ್ ಸೊಸೈಟಿಯ ಬೈಲಾ: ಜಿಪಿಎ ಮಿತಿ, ಆಯ್ಕೆ, ವಜಾ ಇವನ್ನು ಹೇಗೆ ಬರೆಯಬೇಕು?

ಕರಡುಪ್ರತಿ ಕೇಳಿದ್ದು:

ಅಮೆರಿಕದ ಪಬ್ಲಿಕ್ ಹೈಸ್ಕೂಲ್ ಒಂದರಲ್ಲಿರುವ ನ್ಯಾಷನಲ್ ಹಾನರ್ ಸೊಸೈಟಿಯ (ಓದಿನಲ್ಲೂ ನಡತೆಯಲ್ಲೂ ಮುಂದಿರುವ ವಿದ್ಯಾರ್ಥಿಗಳನ್ನು ಗೌರವಿಸುವ ಸಂಘ) ಚಾಪ್ಟರ್‌ಗೆ, ಅಂದರೆ ಸ್ಥಳೀಯ ಶಾಖೆಗೆ, ಬೈಲಾವನ್ನು ಹೊಸದಾಗಿ ಬರೆಯಬೇಕಿದೆ. ಈಗಿರುವುದು ಎರಡು ಪುಟದ ಹಳೆಯ ಕಾಗದ. ಅದರಲ್ಲಿರುವ ನಿಯಮಗಳು ಇಷ್ಟು:

ವೇಯ್ಟೆಡ್ ಜಿಪಿಎ (ಕಠಿಣ ತರಗತಿಗಳಿಗೆ ಹೆಚ್ಚು ತೂಕ ಕೊಟ್ಟ ಗ್ರೇಡ್ ಸರಾಸರಿ) 3.5 ಇರಬೇಕು. ನಾಯಕತ್ವ, ಸೇವೆ, ನಡತೆ ಮೂರಕ್ಕೂ ಶಿಕ್ಷಕರೆಲ್ಲ 1ರಿಂದ 4ರವರೆಗೆ ಅಂಕ ಕೊಡುತ್ತಾರೆ, ಸರಾಸರಿ 3ಕ್ಕಿಂತ ಕಡಿಮೆಯಾದರೆ ಆಯ್ಕೆ ಇಲ್ಲ. ಸದಸ್ಯರಾದ ಮೇಲೆ ವರ್ಷಕ್ಕೆ 30 ಗಂಟೆ ಸೇವೆ ಮಾಡಬೇಕು, ಮಾಡದಿದ್ದರೆ ಸದಸ್ಯತ್ವ ತಾನಾಗಿಯೇ ರದ್ದು.

ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ತೆಗೆಯಲೇಬೇಕು? ಕಾಲೇಜು ಸೊಸೈಟಿಗಳಂತೆ "ತರಗತಿಯ ಮೇಲಿನ ಇಷ್ಟು ಶೇಕಡ" ಎಂದು ಬರೆದರೆ ಹೇಗೆ ಎಂಬ ಸಲಹೆಯೂ ಬಂದಿದೆ. ಬಲ್ಲವರು ದಯವಿಟ್ಟು ತಿಳಿಸಿ.

---

ಕಡತಪಾಲ ಉತ್ತರ:

ಬೈಲಾಕ್ಕೆ ಕೈಹಾಕುವ ಮೊದಲು ಸೊಸೈಟಿಯ ರಾಷ್ಟ್ರೀಯ ಸಂವಿಧಾನವನ್ನು ಪಕ್ಕದಲ್ಲಿಟ್ಟುಕೊಳ್ಳಿ. 1921ರಲ್ಲಿ ಸೊಸೈಟಿಯನ್ನು ಸ್ಥಾಪಿಸಿದ್ದು ಸೆಕೆಂಡರಿ ಶಾಲಾ ಪ್ರಿನ್ಸಿಪಾಲರ ರಾಷ್ಟ್ರೀಯ ಸಂಘ. ಚಾರ್ಟರ್ ಪಡೆದ ಪ್ರತಿ ಚಾಪ್ಟರೂ ಆ ಸಂವಿಧಾನಕ್ಕೆ ಬದ್ಧ. ಅದು ಮುಟ್ಟದೆ ಬಿಟ್ಟ ಜಾಗವನ್ನು ತುಂಬುವುದಷ್ಟೇ ಬೈಲಾದ ಕೆಲಸ. ಇಲ್ಲಿಯದು ಅಲ್ಲಿಯದಕ್ಕೆ ವಿರುದ್ಧವಾಗಿದ್ದರೆ ನಿಲ್ಲುವುದು ಅಲ್ಲಿಯದೇ.

ಜಿಪಿಎ ವಿಷಯ. ರಾಷ್ಟ್ರೀಯ ಕನಿಷ್ಠ ಮಿತಿ ಶೇ. 85, ಅಥವಾ ಬಿ ಗ್ರೇಡ್, ಅಥವಾ 4.0 ಮಾಪಕದಲ್ಲಿ 3.0. ಇದು ಒಟ್ಟಾರೆ ಜಿಪಿಎ, ಒಂದು ಸೆಮಿಸ್ಟರಿನದಲ್ಲ. ಚಾಪ್ಟರ್ ಈ ಮಿತಿಯನ್ನು ಏರಿಸಬಹುದು, ಇಳಿಸುವಂತಿಲ್ಲ. ಹಾಗಾಗಿ 3.5 ಎಂಬ ಅಂಕಿಯಲ್ಲಿ ತಪ್ಪಿಲ್ಲ, ತೊಡಕಿರುವುದು "ವೇಯ್ಟೆಡ್" ಎಂಬಲ್ಲಿ. ಎಪಿ ತರಗತಿಗೆ (ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ) ಒಂದು ಅಂಕ ಹೆಚ್ಚು ಸೇರಿಸುವ ಶಾಲೆಯಲ್ಲಿ ಮಾಪಕ 5.0ವರೆಗೆ ಹೋಗುತ್ತದೆ. ಎಪಿಯಲ್ಲಿ ಬಿ ತೆಗೆದವರಿಗೆ 4.0 ಬಂತು, ಸಾಮಾನ್ಯ ತರಗತಿಯಲ್ಲಿ ಎ ತೆಗೆದವರಿಗೂ 4.0 ಬಂತು. ಎಪಿ ಸೀಟು ಎಲ್ಲರಿಗೂ ಸಿಗುವಂತಿದ್ದರೆ ಅದನ್ನು ಸಮರ್ಥಿಸಬಹುದು. ಟೈಮ್‌ಟೇಬಲ್ ಹೊಂದದೆ ಎಪಿ ತಪ್ಪಿಸಿಕೊಂಡವರಿದ್ದರೆ, ಬೇರೆ ಲೆಕ್ಕವಿರುವ ಶಾಲೆಯಿಂದ ವರ್ಗವಾಗಿ ಬಂದವರಿದ್ದರೆ, ಅದೇ ಅಂಕಿ ಓದಿನ ಬದಲು ಅವಕಾಶವನ್ನು ಅಳೆಯತೊಡಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅನ್‌ವೇಯ್ಟೆಡ್ ಇಟ್ಟು, ಮಿತಿಯನ್ನು ಬೇಕಾದರೆ ಸ್ವಲ್ಪ ಏರಿಸುವುದೇ ಲೇಸು.

ಅಂಕಿಯ ಜೊತೆಗೆ ಈ ನಾಲ್ಕನ್ನು ಬರೆಯದಿದ್ದರೆ ಪ್ರತಿ ವರ್ಷ ಜಗಳ ಖಚಿತ:

- ಯಾವ ದಿನದ ಜಿಪಿಎ? "ಮೊದಲ ಸೆಮಿಸ್ಟರಿನ ಗ್ರೇಡ್ ಅಂತಿಮವಾದ ದಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಇರುವುದು" ಎಂದು ಬರೆದರೆ, ಆಮೇಲೆ ಗ್ರೇಡ್ ತಿದ್ದಿಸಿಕೊಂಡು ಬರುವವರಿಗೂ ಉತ್ತರ ಸಿದ್ಧವಿರುತ್ತದೆ.
- 3.496 ಎಂದರೆ 3.5 ಆಯಿತೇ, ಇಲ್ಲವೇ? ಎರಡನೇ ದಶಮಾಂಶಕ್ಕೆ ದುಂಡಗೆ ಮಾಡಿದರೆ 3.50, ಅಲ್ಲಿಗೇ ಕತ್ತರಿಸಿದರೆ 3.49. ಯಾವುದಾದರೂ ಸರಿ, ಒಂದನ್ನು ಬರೆಯಿರಿ.
- ಪಾಸ್-ಫೇಲ್ ವಿಷಯ, ಮರಳಿ ಓದಿದ ವಿಷಯ, ಕಾಲೇಜಿನಲ್ಲಿ ಓದಿದ ಡ್ಯುಯಲ್ ಎನ್‌ರೋಲ್‌ಮೆಂಟ್ ವಿಷಯ ಲೆಕ್ಕಕ್ಕೆ ಸೇರುತ್ತವೆಯೇ?
- ಹೊರಗಿನಿಂದ ಬಂದವರ ಗ್ರೇಡನ್ನು ನಮ್ಮ ಮಾಪಕಕ್ಕೆ ಇಳಿಸುವವರು ಯಾರು? ಆ ಕೆಲಸ ರಿಜಿಸ್ಟ್ರಾರ್ ಅಥವಾ ಕೌನ್ಸೆಲರ್‌ಗೆ ಇರಲಿ, ಅಡ್ವೈಸರ್ (ಚಾಪ್ಟರ್ ನೋಡಿಕೊಳ್ಳುವ ಶಿಕ್ಷಕರು) ಕೈಯಲ್ಲಿ ಬೇಡ.

ಒಂಬತ್ತನೇ ತರಗತಿಯವರು ಅರ್ಹರಲ್ಲ, ಮತ್ತು ಅಭ್ಯರ್ಥಿ ಆ ಶಾಲೆಯಲ್ಲಿ ಕನಿಷ್ಠ ಒಂದು ಸೆಮಿಸ್ಟರಿಗೆ ಸಮನಾದ ಅವಧಿ ಓದಿರಬೇಕು. ಇವೆರಡೂ ಮೇಲಿನಿಂದಲೇ ಬಂದ ನಿಯಮಗಳು. ಆದರೆ ಬೇರೆ ಶಾಲೆಯಲ್ಲಿ ಆಗಲೇ ಸದಸ್ಯರಾಗಿದ್ದು, ಅಲ್ಲಿನ ಪ್ರಿನ್ಸಿಪಾಲ್ ಅಥವಾ ಅಡ್ವೈಸರ್ ಪತ್ರದೊಂದಿಗೆ ಬಂದವರನ್ನು ಹಾಗೆಯೇ ಸೇರಿಸಿಕೊಳ್ಳಬೇಕು. ನಿಮ್ಮ ಚಾಪ್ಟರಿನ ಮಟ್ಟವನ್ನು ಅವರು ಒಂದು ಸೆಮಿಸ್ಟರಿನೊಳಗೆ ಮುಟ್ಟಿದರೆ ಸಾಕು. ಸ್ಥಳೀಯ ಬೈಲಾಗಳಲ್ಲಿ ಬಿಟ್ಟುಹೋಗುವ ಅಂಶ ಇದು.

---

ಷರಾ_ಬರೆಯುವವ ಉತ್ತರ:

ಜಿಪಿಎ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಿಜವಾದ ಅಪಾಯ ನಿಮ್ಮ ಎರಡನೇ ಮತ್ತು ಮೂರನೇ ನಿಯಮಗಳಲ್ಲಿದೆ.

ಸದಸ್ಯರನ್ನು ಆರಿಸುವ ಅಧಿಕಾರ ಶಿಕ್ಷಕರೆಲ್ಲರದಲ್ಲ, ಫ್ಯಾಕಲ್ಟಿ ಕೌನ್ಸಿಲಿನದು. ಅದರಲ್ಲಿ ಮತ ಇರುವವರು ಐವರು, ಅವರನ್ನು ನೇಮಿಸುವವರು ಪ್ರಿನ್ಸಿಪಾಲ್. ಅಡ್ವೈಸರ್ ಸಭೆ ನಡೆಸಿದರೂ ಮತ ಹಾಕುವಂತಿಲ್ಲ. ಪ್ರಿನ್ಸಿಪಾಲ್, ಅಸಿಸ್ಟೆಂಟ್ ಪ್ರಿನ್ಸಿಪಾಲ್ ಕೌನ್ಸಿಲಿನಲ್ಲಿ ಕೂರುವಂತೆಯೇ ಇಲ್ಲ. ಕಾರಣ ಸರಳ: ಮೇಲ್ಮನವಿ ಹೋಗುವುದು ಪ್ರಿನ್ಸಿಪಾಲರ ಬಳಿಗೆ, ತೀರ್ಪು ಕೊಟ್ಟವರೇ ಮೇಲ್ಮನವಿ ಕೇಳಿದರೆ ಅದಕ್ಕೆ ಅರ್ಥವಿರುವುದಿಲ್ಲ.

ನಿಮ್ಮ ಅಂಕಪಟ್ಟಿಯಲ್ಲಿ ಸರಾಸರಿಯೇ ಫಲಿತಾಂಶ ಹೇಳಿಬಿಡುತ್ತದೆ, ಕೌನ್ಸಿಲಿಗೆ ಕೆಲಸವೇ ಉಳಿಯುವುದಿಲ್ಲ. ಮೂವತ್ತು ಶಿಕ್ಷಕರ ಪೈಕಿ ಆ ಹುಡುಗಿಗೆ ಪಾಠ ಮಾಡಿದವರು ಆರು ಜನ ಇದ್ದಾರು. ಉಳಿದವರು ಮುಖ ನೋಡಿ 2 ಎಂದು ಬರೆದರೆ ಸರಾಸರಿ ಕುಸಿಯುತ್ತದೆ. ಶಿಕ್ಷಕರ ಅಭಿಪ್ರಾಯ ಪಡೆಯಿರಿ, ಆದರೆ ಹೀಗೆ: ನೇರವಾಗಿ ಪಾಠ ಮಾಡಿದವರು ಅಥವಾ ಕ್ಲಬ್, ತಂಡ ನಡೆಸಿದವರು ಮಾತ್ರ ಬರೆಯಲಿ. ಕಡಿಮೆ ಅಂಕ ಕೊಟ್ಟವರು ಏನು ನಡೆಯಿತು, ಯಾವಾಗ ನಡೆಯಿತು ಎಂದು ಒಂದು ಸಾಲು ಬರೆದು ಸಹಿ ಹಾಕಲಿ. ಸಹಿಯಿಲ್ಲದ ಷರಾವನ್ನು ಕೌನ್ಸಿಲ್ ಬದಿಗಿಡಲಿ. ಕೊನೆಗೆ ಐವರು ಚರ್ಚಿಸಿ ಪ್ರತಿ ಹೆಸರಿಗೂ ಬೇರೆಯಾಗಿ ಮತ ಹಾಕಲಿ. "ಆಯ್ಕೆಗೆ ಮೂರು ಮತ ಬೇಕು" ಎಂದು ಅಂಕಿಯಲ್ಲೇ ಬರೆಯಿರಿ. "ಬಹುಮತ" ಎಂದಷ್ಟೇ ಬರೆದರೆ, ನಾಲ್ವರು ಬಂದು 2-2 ಆದ ದಿನ ಏನು ಮಾಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಐವರೂ ಇಲ್ಲದೆ ಆಯ್ಕೆ ಸಭೆ ನಡೆಸಬೇಡಿ.

"ನಡತೆ" ಎಂಬ ಮಾತನ್ನು ಹಾಗೇ ತೆರೆದಿಟ್ಟರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಕೆಂಟಕಿಯ ಗ್ರಾಂಟ್ ಕೌಂಟಿಯ ಪ್ರಕರಣವಿದೆ. ಅಂಕಗಳಲ್ಲಿ ಅರ್ಹರಾಗಿದ್ದ ಇಬ್ಬರು ವಿದ್ಯಾರ್ಥಿನಿಯರನ್ನು ಗರ್ಭಿಣಿ, ತಾಯಿ ಎಂಬ ಕಾರಣಕ್ಕೆ ಆರಿಸದೆ ಬಿಟ್ಟಿದ್ದರು. 1998ರಲ್ಲಿ ಫೆಡರಲ್ ನ್ಯಾಯಾಲಯ, ಅವರನ್ನು ಸೇರಿಸಿಕೊಳ್ಳಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ ಫೆಡರಲ್ ಕಾನೂನಾದ ಟೈಟಲ್ ನೈನ್ ಪ್ರಕಾರ ಗರ್ಭಧಾರಣೆಯ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ. ಹಾಗಾಗಿ ನಡತೆಗೆ ಕಣ್ಣಿಗೆ ಕಾಣುವ ಅಳತೆ ಕೊಡಿ: ಪರೀಕ್ಷೆಯಲ್ಲಿ ನಕಲು, ಬೇರೆಯವರ ಬರಹ ಕದ್ದದ್ದು, ಶಾಲೆಯ ದಾಖಲೆಯಲ್ಲಿರುವ ಅಮಾನತು. ಊರವರ ಮಾತು, ಮನೆಯ ವಿಷಯ ಇವು ಬೇಡ.

ಇನ್ನು "ತಾನಾಗಿಯೇ ರದ್ದು". ಇದನ್ನು ಇಂದೇ ಹೊಡೆದುಹಾಕಿ. ಆಯ್ಕೆಯಾಗುವುದು ಹಕ್ಕಲ್ಲ, ಗೌರವ. ಆದರೆ ಒಮ್ಮೆ ಕೊಟ್ಟ ಸದಸ್ಯತ್ವವನ್ನು ಕಿತ್ತುಕೊಳ್ಳುವಾಗ ಕ್ರಮ ಪಾಲಿಸಲೇಬೇಕು. ಮಟ್ಟ ಕುಸಿದದ್ದಕ್ಕೆ ಸ್ವಯಂಚಾಲಿತವಾಗಿ ವಜಾ ಮಾಡಲು ಸಂವಿಧಾನ ಬಿಡುವುದಿಲ್ಲ. ಕ್ರಮ ಹೀಗಿರಲಿ:

1. ಏನು ಕೊರತೆ, ಯಾವ ದಿನದೊಳಗೆ ತುಂಬಬೇಕು ಎಂದು ಅಡ್ವೈಸರ್ ಲಿಖಿತ ಎಚ್ಚರಿಕೆ ಕೊಡಬೇಕು. ಅದರ ಒಂದು ನಕಲು ಪೋಷಕರಿಗೂ ಹೋಗಬೇಕು. ಒಂದು ಸೆಮಿಸ್ಟರ್ ಸಮಯ ಸಾಮಾನ್ಯವಾಗಿ ಸಾಕು.
2. ತುಂಬದಿದ್ದರೆ ವಿಚಾರಣೆಯ ನೋಟಿಸ್. ಆರೋಪ, ಮುರಿದ ನಿಯಮದ ಸಂಖ್ಯೆ, ದಿನ, ಸಮಯ ಅದರಲ್ಲಿರಬೇಕು.
3. ಕೌನ್ಸಿಲ್ ಮುಂದೆ ಸದಸ್ಯರು ಬಾಯಿಮಾತಿನಲ್ಲೋ ಬರಹದಲ್ಲೋ ತಮ್ಮ ಪಕ್ಷ ಹೇಳಬಹುದು.
4. ಮತ, ಬಳಿಕ ಲಿಖಿತ ತೀರ್ಮಾನ.
5. ಮೇಲ್ಮನವಿ ಮೊದಲು ಪ್ರಿನ್ಸಿಪಾಲರಿಗೆ, ಆಮೇಲೆ ಶಾಲಾ ಜಿಲ್ಲೆಯ (ಊರಿನ ಪಬ್ಲಿಕ್ ಶಾಲೆಗಳನ್ನು ನಡೆಸುವ ಆಡಳಿತ) ಶಿಸ್ತುಕ್ರಮದ ಮೇಲ್ಮನವಿಗೆ ಇರುವ ದಾರಿಯಲ್ಲೇ.

ಶಾಲಾ ನಿಯಮವನ್ನೋ ಕಾನೂನನ್ನೋ ಎದ್ದು ಕಾಣುವಂತೆ ಮುರಿದಿದ್ದರೆ 1ನೇ ಹಂತದ ಎಚ್ಚರಿಕೆ ಬೇಕಿಲ್ಲ. ವಿಚಾರಣೆ ಮಾತ್ರ ಆಗಲೂ ಬಿಡುವಂತಿಲ್ಲ.

ಒಮ್ಮೆ ವಜಾ ಆದವರು, ತಾವೇ ರಾಜೀನಾಮೆ ಕೊಟ್ಟವರು ಮತ್ತೆ ಎಂದೂ ಸದಸ್ಯರಾಗುವಂತಿಲ್ಲ. ಇದು ಗೊತ್ತಿಲ್ಲದೆ, "ಈ ವರ್ಷ ಪುರುಸೊತ್ತಿಲ್ಲ, ಮುಂದಿನ ವರ್ಷ ನೋಡೋಣ" ಎಂದು ರಾಜೀನಾಮೆ ಬರೆದುಕೊಡುವ ಮಕ್ಕಳಿರುತ್ತಾರೆ. ರಾಜೀನಾಮೆ ಫಾರಂ ಮೇಲೆಯೇ ದಪ್ಪ ಅಕ್ಷರದಲ್ಲಿ ಇದನ್ನು ಅಚ್ಚು ಹಾಕಿಸಿ, ಪೋಷಕರ ಸಹಿಯನ್ನೂ ಕೇಳಿ.

---

ಶೇಕಡಾವಾರು ಉತ್ತರ:

ಶೇಕಡ ಪದ್ಧತಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹೈಸ್ಕೂಲಿಗೆ ನನ್ನ ಸಲಹೆ: ಬೇಡ.

ಕಾಲೇಜಿನಲ್ಲಿ ಅದು ಹುಟ್ಟಿದ್ದಕ್ಕೆ ಕಾರಣಗಳಿವೆ. ವಿಭಾಗದಿಂದ ವಿಭಾಗಕ್ಕೆ ಗ್ರೇಡಿನ ಧಾರಾಳತನ ಬೇರೆಬೇರೆ, ಒಂದೇ 3.7 ಮಿತಿ ಹಾಕಿದರೆ ಒಂದು ವಿಭಾಗದ ಅರ್ಧ ತರಗತಿ ಒಳಗೆ ಬರುತ್ತದೆ, ಇನ್ನೊಂದರಿಂದ ಬೆರಳೆಣಿಕೆಯವರು. ಆದ್ದರಿಂದ ಇಂಜಿನಿಯರಿಂಗಿನ ಟೌ ಬೀಟಾ ಪೈ (1885, ಲೀಹೈ ವಿಶ್ವವಿದ್ಯಾಲಯ) ಮೂರನೇ ವರ್ಷದವರಲ್ಲಿ ಮೇಲಿನ ಎಂಟನೇ ಒಂದು ಭಾಗ, ಕೊನೆಯ ವರ್ಷದವರಲ್ಲಿ ಐದನೇ ಒಂದು ಭಾಗವನ್ನು ಅರ್ಹರೆಂದು ಎಣಿಸುತ್ತದೆ. 1897ರಲ್ಲಿ ಮೇನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಫೈ ಕಪ್ಪಾ ಫೈ ಮೂರನೇ ವರ್ಷದವರಿಗೆ ಶೇ. 7.5, ಕೊನೆಯ ವರ್ಷದವರಿಗೆ ಶೇ. 10 ಎನ್ನುತ್ತದೆ. 1925ರಿಂದ ಇರುವ ಕಾಲೇಜು ಹಾನರ್ ಸೊಸೈಟಿಗಳ ಒಕ್ಕೂಟದ ಅಳತೆಯಲ್ಲಿ ಎಲ್ಲ ವಿಷಯಗಳಿಗೂ ತೆರೆದ ಸೊಸೈಟಿಗೆ ಮೇಲಿನ ಶೇ. 20, ಒಂದೇ ವಿಷಯದ ಸೊಸೈಟಿಗೆ ಮೇಲಿನ ಶೇ. 35. ಎರಡು ವರ್ಷದ ಕಾಲೇಜುಗಳ ಫೈ ಥೀಟಾ ಕಪ್ಪಾ ಮಾತ್ರ ಜಿಪಿಎ ಮಿತಿಯನ್ನೇ ನೆಚ್ಚಿಕೊಂಡಿದೆ.

ಇನ್ನೊಂದು ವ್ಯತ್ಯಾಸ ಗಮನಿಸಿ. ಟೌ ಬೀಟಾ ಪೈನಲ್ಲಿ ಅಂಕದ ಗೆರೆ ದಾಟಿದವರನ್ನು ಚುನಾಯಿಸುವವರು ಚಾಪ್ಟರಿನ ವಿದ್ಯಾರ್ಥಿ ಸದಸ್ಯರು. ನಿಮ್ಮಲ್ಲಿ ವಿದ್ಯಾರ್ಥಿಗಳಿಗೆ ಆಯ್ಕೆಯಲ್ಲಿ ಪಾತ್ರವೇ ಇಲ್ಲ. ಕಾಲೇಜಿನ ಬೈಲಾ ನಕಲು ಮಾಡುವವರು ಸಾಮಾನ್ಯವಾಗಿ ಇಲ್ಲೇ ಮುಗ್ಗರಿಸುತ್ತಾರೆ. "ಪದಾಧಿಕಾರಿಗಳು ಅರ್ಜಿಗಳನ್ನು ಪರಿಶೀಲಿಸತಕ್ಕದ್ದು" ಎಂಬ ಸಾಲು ಸದ್ದಿಲ್ಲದೆ ನುಸುಳಿರುತ್ತದೆ.

ಹೈಸ್ಕೂಲಿಗೆ ಶೇಕಡ ಏಕೆ ಒಗ್ಗದು ಎಂದರೆ, ಮಗುವಿನ ಅರ್ಹತೆ ಪಕ್ಕದವರ ಅಂಕವನ್ನು ಅವಲಂಬಿಸಿಬಿಡುತ್ತದೆ. ಓದಿ 3.8 ತೆಗೆದ ಮೇಲೂ ಒಳಗೋ ಹೊರಗೋ ಎಂದು ಪಟ್ಟಿ ಬರುವ ತನಕ ತಿಳಿಯದು. ಲೆಕ್ಕದ ತಾಪತ್ರಯ ಬೇರೆ. 92 ಜನರಲ್ಲಿ ಎಂಟನೇ ಒಂದು ಭಾಗ 11.5; ಹನ್ನೊಂದೋ ಹನ್ನೆರಡೋ? ಹನ್ನೆರಡನೇ ಸ್ಥಾನಕ್ಕೆ ಮೂವರು ಸಮನಾಗಿದ್ದರೆ? ಮಧ್ಯದಲ್ಲಿ ಶಾಲೆ ಬಿಟ್ಟವರು 92ರಲ್ಲಿ ಸೇರಿದ್ದಾರೆಯೇ? ಮೇಲಾಗಿ, ಹಲವು ಹೈಸ್ಕೂಲುಗಳು ರ‍್ಯಾಂಕ್ ಪ್ರಕಟಿಸುವುದನ್ನೇ ಬಿಟ್ಟಿವೆ. ಜಿಪಿಎ ಗೆರೆ ದಾಟಿದವರು ಬಹಳ ಜನ ಎನಿಸಿದರೆ ಗೆರೆಯನ್ನು ಏರಿಸಿ, ತಲೆ ಎಣಿಸಿ ಬಾಗಿಲು ಹಾಕಬೇಡಿ. ಏರಿಸಿದ ಗೆರೆ ಹಳೆಯ ಸದಸ್ಯರಿಗೆ ಅನ್ವಯಿಸುವುದಿಲ್ಲ ಎಂದೂ ಬರೆಯಿರಿ. ಅವರು ಸೇರಿದ ದಿನ ಯಾವ ಮಿತಿ ಇತ್ತೋ ಕೊನೆಯ ತನಕ ಅದೇ ಇರಲಿ.

---

ಕರಡುಪ್ರತಿ:

ಎಲ್ಲರಿಗೂ ಧನ್ಯವಾದ. ಎರಡು ಉಪಪ್ರಶ್ನೆಗಳು. ಆಯ್ಕೆಯಾಗದವರ ಪೋಷಕರು ಶಿಕ್ಷಕರು ಬರೆದ ಷರಾಗಳನ್ನು ನೋಡಬೇಕು ಎಂದರೆ? ಮತ್ತು 30 ಗಂಟೆಯನ್ನು ಉಳಿಸಿಕೊಳ್ಳಬಹುದೇ?

---

ಷರಾ_ಬರೆಯುವವ ಉತ್ತರ:

ವಿದ್ಯಾರ್ಥಿಯ ಹೆಸರಿದ್ದು ಶಾಲೆ ಇಟ್ಟುಕೊಂಡಿರುವ ಕಾಗದ, ವಿದ್ಯಾರ್ಥಿಗಳ ದಾಖಲೆಗಳ ಗೌಪ್ಯತೆ ಕಾಯುವ 1974ರ ಫೆರ್ಪಾ ಕಾನೂನಿನ ಕಣ್ಣಲ್ಲಿ ಶೈಕ್ಷಣಿಕ ದಾಖಲೆ. ಮಗುವಿಗೆ 18 ತುಂಬುವ ತನಕ ಅದನ್ನು ನೋಡುವ ಹಕ್ಕು ಪೋಷಕರಿಗಿದೆ, ತುಂಬಿದ ಮೇಲೆ ವಿದ್ಯಾರ್ಥಿಗೆ. ಶಿಕ್ಷಕರು ನೆನಪಿಗೆಂದು ತಮ್ಮಷ್ಟಕ್ಕೆ ಬರೆದಿಟ್ಟುಕೊಂಡ ಟಿಪ್ಪಣಿ ಇದರಿಂದ ಹೊರಗೆ, ಆದರೆ ಕೌನ್ಸಿಲಿಗೆ ತೋರಿಸಿದ ಮೇಲೆ ಅದು ಅವರೊಬ್ಬರದಾಗಿ ಉಳಿಯದು. ಆದ್ದರಿಂದ "ಗೌಪ್ಯ" ಎಂದು ಫಾರಂ ಮೇಲೆ ಅಚ್ಚು ಹಾಕಿಸಿ ಶಿಕ್ಷಕರಿಗೆ ಸುಳ್ಳು ಧೈರ್ಯ ಕೊಡಬೇಡಿ. ನಾಳೆ ಪೋಷಕರು ಓದಬಹುದು ಎಂದುಕೊಂಡೇ ಬರೆಯಲು ಹೇಳಿ, ಷರಾದ ಭಾಷೆ ತಾನಾಗಿಯೇ ಸುಧಾರಿಸುತ್ತದೆ. ಶಾಲಾ ಜಿಲ್ಲೆಯ ವಕೀಲರಿಗೆ ಫಾರಂ ಮಾದರಿಯನ್ನು ಒಮ್ಮೆ ತೋರಿಸುವುದು ಒಳ್ಳೆಯದು.

ಆಯ್ಕೆಯಾಗದವರಿಗೆ ಪತ್ರ ಪಟ್ಟಿ ಪ್ರಕಟವಾಗುವ ಮೊದಲೇ ತಲುಪಲಿ. ಓದು, ನಾಯಕತ್ವ, ಸೇವೆ, ನಡತೆ ಈ ನಾಲ್ಕು ಅಳತೆಗಳಲ್ಲಿ ಯಾವುದರಲ್ಲಿ ಕೊರತೆ ಎಂದು ಅದರಲ್ಲಿರಲಿ. ಎಣಿಕೆಯ ತಪ್ಪು, ಕಳೆದುಹೋದ ಫಾರಂ ಇಂಥವಕ್ಕೆ ಮಾತ್ರ ಮರುಪರಿಶೀಲನೆ ಎಂದು ಬೈಲಾದಲ್ಲಿ ಹೇಳಿ, ಅರ್ಜಿಗೆ ಹತ್ತು ಶಾಲಾ ದಿನ ಕೊಡಿ. ಆಯ್ಕೆಯ ವಿಧಾನವನ್ನು ಎಲ್ಲ ವಿದ್ಯಾರ್ಥಿಗಳಿಗೂ ಪೋಷಕರಿಗೂ ಸಿಗುವ ಶಾಲೆಯ ಅಧಿಕೃತ ಪ್ರಕಟಣೆಯಲ್ಲಿ ಮೊದಲೇ ಹಾಕಬೇಕೆಂಬುದು ಸಂವಿಧಾನದ್ದೇ ನಿಯಮ. ಹ್ಯಾಂಡ್‌ಬುಕ್ಕಿನಲ್ಲಿ ಇಲ್ಲದ ಮಾನದಂಡದಿಂದ ಯಾರನ್ನೂ ಬಿಡಬೇಡಿ.

---

ಕಡತಪಾಲ ಉತ್ತರ:

30 ಗಂಟೆ ಉಳಿಸಿಕೊಳ್ಳಬಹುದು, ಆದರೆ ಯಾವುದು ಗಂಟೆ ಎಂದು ಬರೆದ ಮೇಲೆ. ಸಂಬಳ ಬಂದರೆ ಸೇವೆಯಲ್ಲ, ಸ್ವಂತ ಮನೆಯ ಕೆಲಸ ಸೇವೆಯಲ್ಲ, ಗ್ರೇಡ್ ಸಿಗುವ ತರಗತಿಯ ಭಾಗವಾಗಿದ್ದರೆ ಸೇವೆಯಲ್ಲ. ಕೆಲಸ ಮಾಡಿಸಿದ ಸಂಸ್ಥೆಯ ಹಿರಿಯರೊಬ್ಬರ ಸಹಿ ಬೇಕು. ಆ ಸಹಿ ಪೋಷಕರದಾಗಬಾರದು. ಕೆಲಸ ನಡೆದ 30 ದಿನದೊಳಗೆ ನಮೂದಿಸಬೇಕು. ಈ ಕೊನೆಯ ಷರತ್ತು ಇಲ್ಲದಿದ್ದರೆ ಮೇ ತಿಂಗಳಲ್ಲಿ ವರ್ಷದ ಲೆಕ್ಕವೆಲ್ಲ ಒಂದೇ ಪೆನ್ನಿನಲ್ಲಿ ಬರೆದು ಬರುತ್ತದೆ. ಗಂಟೆಯನ್ನು ಸೆಮಿಸ್ಟರಿಗೆ 15ರಂತೆ ಒಡೆದರೆ ಎಚ್ಚರಿಕೆ ಪತ್ರವನ್ನು ಜನವರಿಯಲ್ಲೇ ಕಳಿಸಬಹುದು.

ಸಂಜೆ ದುಡಿಯುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಮಕ್ಕಳಿಗೆ ಗಂಟೆಯ ಲೆಕ್ಕ ಭಾರ. ಅಡ್ವೈಸರ್‌ಗೆ ಮೊದಲೇ ಲಿಖಿತ ಕೋರಿಕೆ ಕೊಟ್ಟರೆ ಕೌನ್ಸಿಲ್ ಗಂಟೆ ಇಳಿಸಬಹುದು ಎಂದು ಒಂದು ಉಪನಿಯಮ ಸೇರಿಸಿ. ಚಾಪ್ಟರಿನ ಗುಂಪು ಯೋಜನೆಯ ಜೊತೆಗೆ ಪ್ರತಿ ಸದಸ್ಯರೂ ತಮ್ಮದೇ ಒಂದು ಸೇವಾ ಯೋಜನೆಯಲ್ಲಿ ತೊಡಗಬೇಕೆಂಬುದು ಮೇಲಿನ ನಿಯಮ, ಅದನ್ನು ಮಾತ್ರ ಸಡಿಲಿಸಲಾಗದು.

ಶುಲ್ಕ ಇಡುವುದಾದರೆ ವರ್ಷಕ್ಕೆ 20 ಡಾಲರ್ ಮೀರುವಂತಿಲ್ಲ. ಸ್ಟೋಲ್ (ಪದವಿ ಸಮಾರಂಭದಲ್ಲಿ ಹೆಗಲ ಮೇಲೆ ಹಾಕುವ ಪಟ್ಟಿ), ಪಿನ್ ಬೆಲೆಯನ್ನು ಶುಲ್ಕದೊಳಗೆ ಅಡಗಿಸದೆ ಬೇರೆಯಾಗಿ ತೋರಿಸಿ. ತಿದ್ದುಪಡಿ ನಿಯಮದಲ್ಲಿ ಜಾರಿಗೆ ಬರುವ ದಿನವನ್ನು ಮುಂದಿನ ಆಗಸ್ಟ್ 1 ಎಂದು ಹಾಕಿ, ಏಕೆಂದರೆ ಈ ವರ್ಷದ ಅರ್ಜಿಗಳು ಆಗಲೇ ಹಳೆಯ ನಿಯಮದಡಿ ಬಂದಿರುತ್ತವೆ.