ವೈದ್ಯರಿಗೂ ರೋಗಿಗಳಿಗೂ ಒಂದೇ ಬ್ರೋಷರ್ ಸಾಕೇ?

ಪ್ರಶ್ನೆ: ವಿನ್ಯಾಸಕಿ, ಪೀಣ್ಯ

ಎಲ್ಲರಿಗೂ ನಮಸ್ಕಾರ. ವೈದ್ಯಕೀಯ ಸಾಮಗ್ರಿ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ವಿನ್ಯಾಸದ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ. ಅದಕ್ಕೂ ಮೊದಲು ನಾನು ಮಾಡುತ್ತಿದ್ದುದು ಲಗ್ನಪತ್ರಿಕೆ ಮತ್ತು ಸೀರೆ ಅಂಗಡಿಗಳ ಕರಪತ್ರಗಳನ್ನು ಮಾತ್ರ. ನಮ್ಮಲ್ಲಿ ತಯಾರಾಗುವುದು ಮಂಡಿಗೆ ಹಾಕುವ ನೀ ಕ್ಯಾಪ್ ಮತ್ತು ವೆರಿಕೋಸ್ ವೇನ್ಸ್ (ಕಾಲಿನ ರಕ್ತನಾಳಗಳು ಊದಿಕೊಳ್ಳುವ ತೊಂದರೆ) ಇರುವವರು ತೊಡುವ, ಕಾಲನ್ನು ಬಿಗಿಯಾಗಿ ಒತ್ತಿಹಿಡಿಯುವ ಕಂಪ್ರೆಷನ್ ಸ್ಟಾಕಿಂಗ್ಸ್. ಮುಂದಿನ ತಿಂಗಳು ತುಮಕೂರು ರಸ್ತೆಯಲ್ಲಿ ನಡೆಯುವ ಪ್ರದರ್ಶನದಲ್ಲಿ ನಮ್ಮದೂ ಒಂದು ಮಳಿಗೆ ಇರುತ್ತದೆ. ಅದಕ್ಕಾಗಿ ಎ4 ಅಳತೆಯ, ಮೂರು ಮಡಿಕೆಯ ಒಂದೇ ಬ್ರೋಷರ್ ಮಾಡಿ, ಒಂದು ಬದಿಯಲ್ಲಿ ಇಂಗ್ಲಿಷ್, ಇನ್ನೊಂದು ಬದಿಯಲ್ಲಿ ಕನ್ನಡ ಹಾಕಿಬಿಟ್ಟರೆ ವೈದ್ಯರಿಗೂ ರೋಗಿಗಳಿಗೂ ಅದನ್ನೇ ಕೊಡಬಹುದು ಎನ್ನುವುದು ನಮ್ಮ ಯಜಮಾನರ ಅಭಿಪ್ರಾಯ. ಮುಖಪುಟದಲ್ಲಿ ದೊಡ್ಡದಾಗಿ ಕೆಂಪು ಪ್ಲಸ್ ಚಿಹ್ನೆ, ಅದರ ಕೆಳಗೆ ‘ಸಂಧಿವಾತಕ್ಕೆ ಶಾಶ್ವತ ಪರಿಹಾರ, 100% ಸುರಕ್ಷಿತ’ ಎಂಬ ಸಾಲು ಇರಬೇಕು ಎಂದೂ ಅವರು ಹೇಳಿದ್ದಾರೆ. ನನಗೆ ಏನೋ ಸರಿಯಿಲ್ಲ ಅನ್ನಿಸುತ್ತಿದೆ, ಆದರೆ ಏನೆಂದು ವಿವರಿಸಿ ಹೇಳಲು ಬರುತ್ತಿಲ್ಲ. ತಿಳಿದವರು ಮಾರ್ಗದರ್ಶನ ಮಾಡಬೇಕಾಗಿ ವಿನಂತಿ.

ಉತ್ತರ 1: ಆಫ್‌ಸೆಟ್ ಮುದ್ರಕರು, ರಾಜಾಜಿನಗರ

ಮೇಡಂ, ಬರಹದ ವಿಚಾರವನ್ನು ಬಲ್ಲವರಿಗೆ ಬಿಡುತ್ತೇನೆ. ಕಾಗದದ ವಿಚಾರ ನನಗೆ ಗೊತ್ತು, ಅಷ್ಟನ್ನೇ ಹೇಳುತ್ತೇನೆ. ಒಂದೇ ಬ್ರೋಷರ್ ಬೇಡ. ವೈದ್ಯರಿಗೆ ಕೊಡುವುದನ್ನು 170 ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಕಾಗದದ ತೂಕದ ಲೆಕ್ಕ) ನುಣುಪಾದ ಆರ್ಟ್ ಪೇಪರಿನಲ್ಲಿ ಅಚ್ಚು ಹಾಕಿಸಿ, ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದರೆ ಅಂದವಾಗಿ ಕಾಣುತ್ತದೆ. ಆದರೆ ರೋಗಿಯ ಕೈಗೆ ಹೋಗುವ ಹಾಳೆಯ ಮೇಲೆ ಮೆಡಿಕಲ್ ಅಂಗಡಿಯವರೋ ನರ್ಸ್ ಅವರೋ ಪೆನ್ನಿನಲ್ಲಿ ಸೈಜು ಬರೆಯುತ್ತಾರೆ, ದಿನಕ್ಕೆ ಎಷ್ಟು ಹೊತ್ತು ಹಾಕಿಕೊಳ್ಳಬೇಕು ಎಂದು ಬರೆಯುತ್ತಾರೆ. ಲ್ಯಾಮಿನೇಷನ್ ಮೇಲೆ ಬಾಲ್ ಪೆನ್ ಜಾರುತ್ತದೆ, ಬರೆದದ್ದು ಬೆರಳು ತಾಗಿದರೆ ಅಳಿಸಿಹೋಗುತ್ತದೆ. ಅದಕ್ಕೆ 100 ಜಿಎಸ್‌ಎಂ ಮ್ಯಾಪ್‌ಲಿಥೋ, ಅಂದರೆ ಲೇಪನವಿಲ್ಲದ ಸಾದಾ ಕಾಗದ ಸಾಕು, ಖರ್ಚೂ ಕಡಿಮೆ.

ಮೂರು ಮಡಿಕೆಯಲ್ಲಿ ಹೊಸಬರು ತಪ್ಪುವುದು ಅಳತೆಯಲ್ಲಿ. ಎ4 ಹಾಳೆಯ ಉದ್ದ 297 ಮಿ.ಮೀ. ಇದೆ ಎಂದು ಅದನ್ನು 99ರಂತೆ ಸಮವಾಗಿ ಮೂರು ಭಾಗ ಮಾಡಿದರೆ, ಒಳಗೆ ಮಡಚಿಕೊಳ್ಳುವ ಭಾಗ ಇನ್ನೊಂದು ಮಡಿಕೆಗೆ ತಾಗಿ ಉಬ್ಬುತ್ತದೆ. 100, 100, 97 ಎಂದು ಇಟ್ಟುಕೊಳ್ಳಿ, ಹಿಂಬದಿಯ ಪುಟದಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ ಎಂಬುದನ್ನು ಮರೆಯಬೇಡಿ. ಮಡಿಕೆಯ ಗೆರೆಯ ಮೇಲೆ ಗಾಢ ಬಣ್ಣ ತುಂಬಿದ್ದರೆ ಕ್ರೀಸಿಂಗ್ (ಮಡಚುವ ಮೊದಲು ಗೆರೆಯನ್ನು ಒತ್ತಿ ಗುರುತು ಮಾಡುವುದು) ಮಾಡಿಸದೆ ಮಡಚಬೇಡಿ; ಇಂಕು ಒಡೆದು ಬಿಳಿ ಗೆರೆ ಕಾಣುತ್ತದೆ. ಸುತ್ತಲೂ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆಗೂ ಚಾಚಿದ ಬಣ್ಣ, ಇರಲಿ. ಸಣ್ಣ ಅಕ್ಷರಗಳನ್ನು ಒಂಟಿ ಕಪ್ಪಿನಲ್ಲೇ ಇಡಿ. ನಾಲ್ಕೂ ಬಣ್ಣ ಬೆರೆಸಿದ ಕಪ್ಪಿನಲ್ಲಿಟ್ಟರೆ ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಬಂದು ವಯಸ್ಸಾದವರು ಓದಲಾಗುವುದಿಲ್ಲ.

ಇನ್ನೊಂದು ಮಾತು: ಕಾಲಿನ ಚಿತ್ರಗಳನ್ನು ಸಿಎಂವೈಕೆಗೆ (ಮುದ್ರಣದ ನಾಲ್ಕು ಇಂಕುಗಳ ಬಣ್ಣಕ್ರಮ) ಬದಲಾಯಿಸಿದ ಮೇಲೆ, ಅಚ್ಚಾಗುವ ಕಾಗದದ ಮೇಲೆಯೇ ಪ್ರೂಫ್, ಅಂದರೆ ಮಾದರಿ ಪ್ರತಿ, ತೆಗೆಸಿ ನೋಡಿ. ಅದರಲ್ಲಿ ಮೆಜೆಂಟಾ ಎಂಬ ನೇರಳೆಗೆಂಪು ಇಂಕು ಸ್ವಲ್ಪ ಹೆಚ್ಚಾದರೂ ಆರೋಗ್ಯವಂತ ಕಾಲು ಊದಿಕೊಂಡು ಕೆಂಪಾದ ಕಾಲಿನಂತೆ ಕಾಣುತ್ತದೆ. ಸ್ಟಾಕಿಂಗ್ಸ್ ಮಾರುವವರಿಗೆ ಅದು ಬಹಳ ಮುಜುಗರದ ವಿಷಯ.

ಉತ್ತರ 2: ವೈದ್ಯಕೀಯ ಸಾಧನಗಳ ಕಂಪನಿಯೊಂದರಲ್ಲಿ ನಿಯಮಪಾಲನೆ ನೋಡಿಕೊಳ್ಳುವವರು

ನಿಮಗೆ ಸರಿಯಿಲ್ಲ ಅನ್ನಿಸಿದ್ದು ಸಹಜವೇ. ಮೊದಲು ಆ ಕೆಂಪು ಚಿಹ್ನೆಯ ಮಾತು. ಅದು ರೆಡ್ ಕ್ರಾಸ್ ಲಾಂಛನ. ಬಿಳಿಯ ಹಿನ್ನೆಲೆಯ ಮೇಲಿನ ಈ ಕೆಂಪು ಶಿಲುಬೆಯನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ 12ನೇ ಸೆಕ್ಷನ್ ನಿಷೇಧಿಸುತ್ತದೆ. ‘ಹಾಗಾದರೆ ಬಣ್ಣ ಅದಲುಬದಲು ಮಾಡಿ ಕೆಂಪಿನ ಮೇಲೆ ಬಿಳಿ ಹಾಕೋಣ’ ಎನ್ನುವವರನ್ನೂ ಕಂಡಿದ್ದೇನೆ. ಅದು ಸ್ವಿಟ್ಜರ್‌ಲೆಂಡಿನ ಲಾಂಛನ, ಅದೂ ಅದೇ ಸೆಕ್ಷನ್ನಿನಲ್ಲಿ ಬರುತ್ತದೆ. ಬೆಂಗಳೂರಿನ ಅರ್ಧಕ್ಕರ್ಧ ಕ್ಲಿನಿಕ್ ಬೋರ್ಡುಗಳಲ್ಲಿ ಕೆಂಪು ಪ್ಲಸ್ ಇದೆಯಲ್ಲ ಎಂದು ನಿಮ್ಮ ಯಜಮಾನರು ಕೇಳಿದರೆ, ಇದೆ ಎನ್ನಿ. ನಮ್ಮ ಬ್ರೋಷರಿನಲ್ಲಿ ಬೇಡ ಎನ್ನಿ.

‘ಸಂಧಿವಾತಕ್ಕೆ ಶಾಶ್ವತ ಪರಿಹಾರ’ ಎಂಬುದು ಇದಕ್ಕಿಂತಲೂ ಗಂಭೀರ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿರುವ ರೋಗಗಳನ್ನು ಗುಣಪಡಿಸುತ್ತೇವೆ, ತಡೆಯುತ್ತೇವೆ ಎಂದು ಸಾರ್ವಜನಿಕರಿಗೆ ಜಾಹೀರಾತು ಕೊಡುವಂತಿಲ್ಲ, ಆ ಪಟ್ಟಿಯಲ್ಲಿ ಸಂಧಿವಾತವೂ ಇದೆ. ನುಂಗುವ ಮಾತ್ರೆಗಳಷ್ಟೇ ಅಲ್ಲ, ದೇಹದ ಮೇಲೆ ಪರಿಣಾಮ ಬೀರಲೆಂದು ಮಾಡಿದ ವಸ್ತುಗಳನ್ನೂ ಆ ಕಾಯ್ದೆ ‘ಡ್ರಗ್’ ಎಂದೇ ಪರಿಗಣಿಸುತ್ತದೆ. ನೋಂದಾಯಿತ ವೈದ್ಯರಿಗೆಂದೇ ಗೋಪ್ಯವಾಗಿ ಕಳಿಸುವ ಮಾಹಿತಿಗೆ ವಿನಾಯಿತಿ ಇದೆ. ಆದರೆ ಮಳಿಗೆಗೆ ಬಂದವರಿಗೆಲ್ಲ ಹಂಚುವ ಬ್ರೋಷರಿಗೆ ಆ ವಿನಾಯಿತಿ ಸಿಗುವುದಿಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಸೇರಿಸಬಾರದು ಎಂಬುದಕ್ಕೆ ನನ್ನ ಮಟ್ಟಿಗೆ ಇದೇ ಮುಖ್ಯ ಕಾರಣ. ‘ಮಂಡಿಗೆ ಆಧಾರ ನೀಡುತ್ತದೆ’ ಎಂದು ಬರೆಯಿರಿ, ಸಾಕು.

‘100% ಸುರಕ್ಷಿತ’ವನ್ನೂ ತೆಗೆಯಿರಿ. ‘ಸುರಕ್ಷಿತ’ ಎಂಬ ಪದವನ್ನು ವಿವರಣೆಯಿಲ್ಲದೆ ಬಳಸಬಾರದು ಎಂದು ಕೇಂದ್ರದ ಔಷಧ ಇಲಾಖೆ 2024ರ ಮಾರ್ಚಿನಲ್ಲಿ ಹೊರಡಿಸಿದ ಮಾರಾಟ ಸಂಹಿತೆ ಹೇಳುತ್ತದೆ. ಅದು ಔಷಧ ಕಂಪನಿಗಳಿಗೆ ಬಂದದ್ದು. ಸಾಧನಗಳಿಗೂ ಅದೇ ವರ್ಷ ಪ್ರತ್ಯೇಕ ಸಂಹಿತೆ ಬಂದಿದೆ, ದಯವಿಟ್ಟು ಒಮ್ಮೆ ಓದಿಕೊಳ್ಳಿ. ಅಷ್ಟಕ್ಕೂ ಆ ಮಾತು ನಿಜವಲ್ಲ. ಕಾಲಿನ ಅಪಧಮನಿಗಳಲ್ಲಿ ರಕ್ತದ ಹರಿವು ಕಡಿಮೆ ಇರುವವರು ಬಿಗಿಯಾದ ಸ್ಟಾಕಿಂಗ್ಸ್ ಹಾಕಿಕೊಂಡರೆ ತೊಂದರೆ ಹೆಚ್ಚುತ್ತದೆ. ‘ವೈದ್ಯರನ್ನು ಕೇಳದೆ ಧರಿಸಬೇಡಿ’ ಎಂಬ ಸಾಲು ರೋಗಿಯ ಹಾಳೆಯಲ್ಲಿ ಮೇಲ್ಭಾಗದಲ್ಲೇ, ಉಳಿದ ಅಕ್ಷರಗಳಷ್ಟೇ ದೊಡ್ಡದಾಗಿ ಇರಲಿ. ನಕ್ಷತ್ರ ಚಿಹ್ನೆ ಹಾಕಿ ಬುಡಕ್ಕೆ ತಳ್ಳಬೇಡಿ.

ಉತ್ತರ 3: ಅನುವಾದ ಮತ್ತು ಕರಡು ತಿದ್ದುವವರು, ಬಸವನಗುಡಿ

ಕನ್ನಡದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಒಮ್ಮೆ ನಾನು ತಿದ್ದಿಕೊಟ್ಟ ಕರಪತ್ರವೊಂದು ಅಚ್ಚಾಗಿ ಬಂದಾಗ ಅದರ ತುಂಬ ‘ವೈದ್‌ಯರು’, ‘ರಕ್‌ತನಾಳ’ ಎಂದೇ ಇತ್ತು. ನನ್ನ ಕರಡಿನಲ್ಲಿ ತಪ್ಪಿರಲಿಲ್ಲ. ಯೂನಿಕೋಡ್ ಬರಹವನ್ನು ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ಗೆ ಅಂಟಿಸಿದವರು, ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಂಡಿರಲಿಲ್ಲ, ಹಾಗಾಗಿ ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲಿ ಬಂದು ಕೂತಿದ್ದವು. ಆದ್ದರಿಂದ ಕರಡನ್ನು ವರ್ಡ್ ಕಡತದಲ್ಲಿ ತಿದ್ದಿಸಿದರೆ ಸಾಲದು, ಮುದ್ರಣಕ್ಕೆ ಹೋಗುವ ಪಿಡಿಎಫ್ ಅನ್ನೇ ಕನ್ನಡ ಬಲ್ಲವರಿಂದ ಇನ್ನೊಮ್ಮೆ ಓದಿಸಬೇಕು.

ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಇಟ್ಟಷ್ಟೇ ಇಟ್ಟರೆ ‘ಶಸ್ತ್ರಚಿಕಿತ್ಸೆ’ಯಂಥ ಪದದ ಒತ್ತುಗಳು ಕೆಳಸಾಲಿನ ಗುಡಿಸು, ತಲೆಕಟ್ಟುಗಳಿಗೆ ಡಿಕ್ಕಿ ಹೊಡೆಯುತ್ತವೆ, ಧಾರಾಳವಾಗಿ ಬಿಡಿ. ‘ನಿಮ್ನಾಂಗಗಳ ಸಂಪೀಡನ’ ಎಂಬಂಥ ಕನ್ನಡ ಯಾರಿಗೂ ಬೇಡ. ‘ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ, ಕಾಲು ಊದಿಕೊಳ್ಳುವ ಮೊದಲು, ಕಣಕಾಲಿನ ಸುತ್ತಳತೆ ತೆಗೆಯಿರಿ’ ಎಂದು ಬರೆದರೆ ನಮ್ಮ ಗಾಂಧಿ ಬಜಾರಿನ ಹೂವಿನವರಿಗೂ ಅರ್ಥವಾಗುತ್ತದೆ. ದಿನವಿಡೀ ನಿಂತು ಕೆಲಸ ಮಾಡುವ ಅಂಥವರೇ ಅಲ್ಲವೇ ಅದನ್ನು ಓದಬೇಕಾದವರು?

ವಿನ್ಯಾಸಕಿ, ಪೀಣ್ಯ

ಮೂವರಿಗೂ ಅನಂತ ಧನ್ಯವಾದಗಳು. ಇದನ್ನೆಲ್ಲ ಯಜಮಾನರಿಗೆ ಓದಿ ಹೇಳಿದೆ. ಶಿಲುಬೆಯನ್ನೂ ‘ಶಾಶ್ವತ’ವನ್ನೂ ಬಿಡಲು ಒಪ್ಪಿದ್ದಾರೆ, ಎರಡು ಪ್ರತ್ಯೇಕ ಹಾಳೆಗಳಿಗೂ ಒಪ್ಪಿದ್ದಾರೆ. ಒಂದೇ ಅನುಮಾನ ಉಳಿದಿದೆ: ರೋಗಿಯ ಹಾಳೆಯಲ್ಲಿರುವ ಸೈಜಿನ ಪಟ್ಟಿಗೆ ಕನ್ನಡ ಅಂಕಿಗಳನ್ನು ಹಾಕಬೇಕೇ?

ಉತ್ತರ 3ರವರು

ಕನ್ನಡ ಅಂಕಿಗಳ ಮೇಲೆ ನನಗೆ ಬಹಳ ಪ್ರೀತಿ. ಆದರೆ ಮನೆಯಲ್ಲಿರುವ ಅಳತೆಯ ಟೇಪಿನ ಮೇಲೆ 22, 23 ಎಂದೇ ಇರುತ್ತದೆ, ಸ್ಟಾಕಿಂಗ್ಸ್ ಡಬ್ಬಿಯ ಮೇಲೂ ಹಾಗೆಯೇ. ಟೇಪಿನಲ್ಲಿ ಇರುವ ಅಂಕಿಯನ್ನೇ ಪಟ್ಟಿಯಲ್ಲೂ ಹಾಕಿ, ಪಕ್ಕದಲ್ಲಿ ‘ಸೆಂ.ಮೀ.’ ಎಂದು ತಪ್ಪದೆ ಬರೆಯಿರಿ. ದರ್ಜಿಯ ಟೇಪಿನ ಇನ್ನೊಂದು ಮಗ್ಗುಲಲ್ಲಿ ಇಂಚು ಇರುತ್ತದೆ.