ಅಪ್‌ಡೇಟ್: ಕಳೆದುಹೋದ ಎಲೆಕ್ಟ್ರಾನಿಕ್ ಕೀ ವಿಚಾರ

ಯಾವ ಬಾಗಿಲು ತೆರೆಯಬಹುದು ಅಂತ ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಮ್ ಮಾಡಬಹುದಾದ ಕೀ ಒಂದು ಕಳೆದಿದೆ, ಕಟ್ಟಡದ ಬೀಗಗಳನ್ನೆಲ್ಲ ಬದಲಿಸಬೇಕಾ ಅಂತ ಕೇಳಿದ್ದೆ. ಬೇಕಾಗಲಿಲ್ಲ. ಆದರೆ ಸಾಫ್ಟ್‌ವೇರ್‌ನಲ್ಲಿ ರದ್ದು ಮಾಡಿದರೆ ಸಾಕು ಅಂದುಕೊಂಡಿದ್ದು ನನ್ನ ತಪ್ಪು. ನಮ್ಮ ಬೀಗಗಳಿಗೆ ವೈರೂ ಇಲ್ಲ, ನೆಟ್‌ವರ್ಕೂ ಇಲ್ಲ. ಕರೆಂಟು ಬರೋದೇ ಕೀಯೊಳಗಿನ ಬ್ಯಾಟರಿಯಿಂದ. ಹಾಗಾಗಿ ರದ್ದಾದ ಸುದ್ದಿಯನ್ನು ಇನ್ನೊಂದು ಕೀಯಲ್ಲಿ ಹೊತ್ತು ಒಂದೊಂದು ಬಾಗಿಲಿಗೂ ಮುಟ್ಟಿಸಬೇಕಾಯಿತು. ಸರ್ವರ್ ಕೋಣೆಯಿಂದ ಶುರು ಮಾಡಿದೆ. ಕೀ ತೂರಿಸಿದರೆ ಸಣ್ಣದೊಂದು ಬೀಪ್, ಅಷ್ಟೇ. ಬೀಗಗಳ ದಾಖಲೆ ಓದಿಸಿದಾಗ, ಕಳೆದ ಮೇಲೆ ಆ ಕೀ ಯಾವ ಬಾಗಿಲಿಗೂ ಬಿದ್ದಿಲ್ಲ ಅಂತ ಗೊತ್ತಾಯಿತು. ಹೋದ ಜೀವ ಬಂದಂತಾಯಿತು!

ಈಗ ಪ್ರತಿ ಕೀಗೂ 24 ಗಂಟೆಯ ಅವಧಿ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ನವೀಕರಿಸದಿದ್ದರೆ ತೆರೆಯೋದಿಲ್ಲ. ಕೆಲವರಿಗೆ ಕಿರಿಕಿರಿ ಆಗಿದೆ, ಆದರೂ ಇದನ್ನು ಬಿಡೋದಿಲ್ಲ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.